ಇಂಗ್ಲಿಷು ಕಾದಂಬರಿಗಳಲ್ಲಿ ಮಂತ್ರಶಾಲೆಯ ಚರಿತ್ರೆ

ಬಾಲಕನೊಬ್ಬನು ಮನೆಯನ್ನು ಬಿಟ್ಟು ದೂರದ ಶಾಲೆಯೊಂದನ್ನು ಸೇರಿ, ಅಲ್ಲಿಯೇ ವಾಸಮಾಡುತ್ತ, ಗುರುಗಳಿಂದ ಮಂತ್ರವಿದ್ಯೆಯನ್ನು ಕಲಿಯುವ ವೃತ್ತಾಂತವುಳ್ಳ ಕಾದಂಬರಿಗಳು ಇಂಗ್ಲಿಷು ಭಾಷೆಯಲ್ಲಿ ಈಗ ಒಂದು ಪ್ರತ್ಯೇಕ ಜಾತಿಯೇ ಆಗಿ ಬೆಳೆದಿವೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಶ್ರೀಮತಿ ಜೆ. ಕೆ. ರೌಲಿಂಗರು ರಚಿಸಿದ ಹ್ಯಾರಿ ಪಾಟರನ ಕಥೆ. ಇದರ ಮೊದಲನೆಯ ಸಂಪುಟವು ೧೯೯೭ನೆಯ ಜೂನ್ ೨೬ರಂದು ಲಂಡನ್ನಿನಲ್ಲಿ ಹೊರಬಿದ್ದಿತು. ಏಳನೆಯದೂ ಕಡೆಯದೂ ಆದ ಸಂಪುಟವು ೨೦೦೭ನೆಯ ಜುಲೈ ೨೧ರಂದು ಬಂದಿತು. ನಮ್ಮ ಶಾಲೆಗಳ ಮಕ್ಕಳಲ್ಲಿ ಇದನ್ನು ಬಲ್ಲವರು ಅನೇಕರು. ಅವರಿಗೆ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಲ್ಲಿ ಕೆಲವರು ಇಂಥ ಗ್ರಂಥಗಳನ್ನು ಮಕ್ಕಳಾಟವೆಂದು ಬದಿಗಿಡುತ್ತಾರೆ; ಬೇರೆ ಕೆಲವರು ಇದು ಹಿಂದುಮುಂದಿಲ್ಲದೆ ಒಬ್ಬ ಲೇಖಕಿಯ ಪ್ರತಿಭೆಯಿಂದಲೇ ಹುಟ್ಟಿದುದೆಂದು ಭಾವಿಸುತ್ತಾರೆ. ಎರಡೂ ಚರಿತ್ರೆಯನ್ನು ನೋಡದೆ ಮಾಡಿಕೊಂಡ ಅಭಿಪ್ರಾಯಗಳು. ಮೂರನೆಯ ಪಕ್ಷವೊಂದುಂಟು: ಅಮೆರಿಕದ ಅರ್ಸುಲ ಲೆ ಗ್ವಿನ್ ಎಂಬವರು ೧೯೬೮ರಲ್ಲಿಯೇ ಮಾಂತ್ರಿಕರ ಶಾಲೆಯನ್ನು ಕಲ್ಪಿಸಿದ್ದರಾದಕಾರಣ ಈ ಜಾತಿಗೆ ಅವರೇ ಮೂಲಕರ್ತೃಗಳೆಂಬುದು. ಇದು ಸತ್ಯಕ್ಕೆ ಹೆಚ್ಚು ಸಮೀಪವಾಗಿದ್ದರೂ ಪೂರ್ಣಸತ್ಯವಲ್ಲ. ಈ ವಸ್ತುವು ಎಲ್ಲೆಲ್ಲಿಂದ ಬಂದು ಹೇಗೆ ಕೂಡಿತು, ಕೂಡಿದಮೇಲೆ ಯಾವುದನ್ನು ಉಳಿಸಿಕೊಂಡು ಯಾವುದನ್ನು ಮರೆಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇನೆ.

ಯಾವ ಗುರುಕುಲಕ್ಕಾದರೂ ಎರಡು ಬಾಗಿಲುಗಳುಂಟು. ಒಂದರಲ್ಲಿ, ಒಳಗೆ ಹೋಗುವವನಿಗೆ ಅಧಿಕಾರವುಂಟೇ ಇಲ್ಲವೇ ಎಂಬ ಪ್ರಶ್ನೆ. ಇನ್ನೊಂದರಲ್ಲಿ, ಹೊರಗೆ ಬರುವವನು ತೆರಬೇಕಾದುದೇನು ಎಂಬ ಪ್ರಶ್ನೆ. ಕಲಿಯುವ ವಿದ್ಯೆಯು ವ್ಯಾಕರಣವೋ ತರ್ಕವೋ ಆಗಿದ್ದರೆ ಈ ಪ್ರಶ್ನೆಗಳು ಸೌಮ್ಯವಾಗಿರುತ್ತವೆ. ಅದು ಮಂತ್ರವೋ ಅಸ್ತ್ರವೋ ಆದಾಗ ಪ್ರಾಣಾಂತಿಕವಾಗುತ್ತವೆ. ಕರ್ಣನು ತನ್ನ ಕುಲವನ್ನು ಮರೆಮಾಡಿ ಪರಶುರಾಮನ ಆಶ್ರಮವನ್ನು ಹೊಕ್ಕನು. ಹೊರಗೆ ಬರುವಾಗ ಕಲಿತ ಅಸ್ತ್ರದೊಡನೆ ಶಾಪವನ್ನೂ ಹೊತ್ತುಕೊಂಡು ಬಂದನು. ಏಕಲವ್ಯನು ಬಾಗಿಲನ್ನೇ ಹೊಗಲಿಲ್ಲ. ದಕ್ಷಿಣೆಯನ್ನು ಮಾತ್ರ ತೆತ್ತನು. ಕಚನು ಶುಕ್ರಾಚಾರ್ಯನಲ್ಲಿ ಮೃತಸಂಜೀವಿನಿಯನ್ನು ಕಲಿತು ಹೊರಟಾಗ ದೇವಯಾನಿಯು ಆ ವಿದ್ಯೆಯು ಅವನಿಗೆ ಫಲಿಸದಿರಲೆಂದು ಶಪಿಸಿದಳು. ಹೀಗೆ ನಮ್ಮ ಮಹಾಭಾರತದಲ್ಲಿ ಎರಡು ಬಾಗಿಲುಗಳೂ ತೆರೆದೇ ಇವೆ. ಯೂರೋಪಿನ ಕಥೆಗಳು ಇಲ್ಲಿಂದ ಹೋದುವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಅಂಥ ಸಾಹಸವನ್ನು ನಮ್ಮಲ್ಲಿ ಬೇಕಾದಷ್ಟು ಜನ ಮಾಡಿದ್ದಾರೆ. ಈ ಎರಡು ಬಾಗಿಲುಗಳನ್ನು ಅಳತೆಗೋಲಾಗಿ ಮಾತ್ರ ಇಟ್ಟುಕೊಂಡು ಮುಂದುವರಿಯುತ್ತೇನೆ.

ಮಧ್ಯಯುಗದ ಯೂರೋಪಿನಲ್ಲಿ ಮಂತ್ರವಿದ್ಯೆಯ ತೌರುಮನೆಯೆಂದು ಪ್ರತೀತಿಯಿದ್ದುದು ಸ್ಪೆಯಿನ್ ದೇಶಕ್ಕೆ. ಅರಬರ ಜ್ಯೋತಿಷ ಗಣಿತಗಳನ್ನು ಕಲಿಯಲು ಉತ್ತರದ ಪಾದ್ರಿಗಳು ಅಲ್ಲಿಗೆ ಹೋಗುತ್ತಿದ್ದರು. ಊರಿನಲ್ಲಿ ಉಳಿದವರಿಗೆ ಆ ವಿದ್ಯೆಯೆಲ್ಲ ಮಾಟವಾಗಿಯೇ ಕಾಣುತ್ತಿದ್ದಿತು. ೯೯೯ರಿಂದ ೧೦೦೩ರವರೆಗೆ ಎರಡನೆಯ ಸಿಲ್ವೆಸ್ಟರ್ ಎಂಬ ಹೆಸರಿನಿಂದ ಪೋಪನಾಗಿದ್ದ ಗೆರ್ಬರ್ಟನು ತನ್ನ ಕಾಲದ ದೊಡ್ಡ ಗಣಿತಜ್ಞನು. ಅವನು ಸತ್ತು ನೂರಿಪ್ಪತ್ತು ವರ್ಷಗಳ ತರುವಾಯ, ಸುಮಾರು ೧೧೨೫ರಲ್ಲಿ, ಮಾಮ್ಸ್‌ಬರಿಯ ವಿಲಿಯಂ ಎಂಬ ಇಂಗ್ಲಿಷು ಸಂನ್ಯಾಸಿಯು ಬರೆದ ರಾಜಚರಿತ್ರೆಯಲ್ಲಿ ಅವನ ವಿಷಯವಾಗಿ ಒಂದು ಕಥೆಯುಂಟು. ಗೆರ್ಬರ್ಟನು ಸ್ಪೆಯಿನಿನಲ್ಲಿ ಒಬ್ಬ ಮುಸಲ್ಮಾನ ಪಂಡಿತನ ಮನೆಯಲ್ಲಿದ್ದು ಅವನ ಎಲ್ಲ ಗ್ರಂಥಗಳನ್ನೂ ಓದಿದನಂತೆ; ಒಂದನ್ನು ಮಾತ್ರ ಗುರುವು ಕೊಡದೆ ಇರಲು, ಅವನ ಮಗಳ ಸ್ನೇಹವನ್ನು ಸಂಪಾದಿಸಿ, ಅವನನ್ನು ಮದ್ಯದಲ್ಲಿ ಮುಳುಗಿಸಿ, ತಲೆದಿಂಬಿನ ಕೆಳಗಿದ್ದ ಆ ಪುಸ್ತಕವನ್ನು ಕದ್ದು ಓಡಿದನಂತೆ. ಗುರುವಿನ ಗುಪ್ತವಿದ್ಯೆ, ಗುರುವಿನ ಮಗಳು, ಗುರುವಿನ ಮದ್ಯಪಾನ ಮೂರೂ ಕಚನ ಕಥೆಯಲ್ಲಿಯೂ ಇರುವುದನ್ನು ವಾಚಕರು ಗಮನಿಸದೆ ಇರಲಾರರು. ವ್ಯತ್ಯಾಸವು ಕಚನ ಪಕ್ಷದಲ್ಲಿದೆ: ಅವನು ವಿದ್ಯೆಯನ್ನು ಗುರುಮುಖದಿಂದಲೇ ಪಡೆದನು, ಆಮೇಲೆ ಗುರುವನ್ನು ಬದುಕಿಸಿದನು.

ಒಬ್ಬ ಗುರುವಿನ ಮನೆಯು ಕ್ರಮೇಣ ಶಾಲೆಯಾಯಿತು. ಸಾಲಮಾಂಕ ಪಟ್ಟಣದಲ್ಲಿ ಸಂತ ಸಿಪ್ರಿಯಾನನ ಚರ್ಚಿನ ಕೆಳಗಿನ ಗುಹೆಯಲ್ಲಿ ಸೈತಾನನು ಏಳು ಜನ ಶಿಷ್ಯರಿಗೆ ಏಳು ವರ್ಷಗಳ ಕಾಲ ಪಾಠಹೇಳುವನೆಂದೂ, ಅವಧಿಯು ಮುಗಿದಮೇಲೆ ಅವರಲ್ಲಿ ಒಬ್ಬನು ಗುರುದಕ್ಷಿಣೆಯಾಗಿ ಅಲ್ಲಿಯೇ ಉಳಿಯಬೇಕೆಂದೂ ಐತಿಹ್ಯ. ೧೪೩೪ರಲ್ಲಿ ತೀರಿಕೊಂಡ ಎನ್ರೀಕೆ ದೆ ವಿಯೇನ ಎಂಬ ವಿದ್ವಾಂಸನು ಅಲ್ಲಿ ಓದಿದನೆಂದೂ, ಸೈತಾನನಿಗೆ ತನ್ನ ನೆರಳನ್ನು ಮಾತ್ರ ಬಿಟ್ಟು ತಪ್ಪಿಸಿಕೊಂಡು ಬಂದನೆಂದೂ ಜನರು ಹೇಳುತ್ತಿದ್ದರು. ಅವನು ಸತ್ತಮೇಲೆ ಕ್ಯಾಸ್ಟೀಲಿನ ಅರಸನ ಅಪ್ಪಣೆಯಂತೆ ಅವನ ಪುಸ್ತಕಗಳಲ್ಲಿ ಹಲವನ್ನು ಸುಟ್ಟದ್ದು ಮಾತ್ರ ಐತಿಹ್ಯವಲ್ಲ, ಚರಿತ್ರೆ. ಡಾನ್ ಕ್ವಿಕ್ಸಟನ ಕರ್ತೃವಾದ ಸರ್ವಾಂಟಿಸನು ಈ ಗುಹೆಯ ಹೆಸರಿನಿಂದಲೇ ಒಂದು ಪ್ರಹಸನವನ್ನು ೧೬೧೫ರಲ್ಲಿ ಪ್ರಕಟಿಸಿದನು.

ಇದೇ ಕಥೆಯು ಐಸ್ಲೆಂಡ್ ದ್ವೀಪದಲ್ಲಿ ಸೈಮುಂದನೆಂಬ ಪಾದ್ರಿಯ ಮೇಲೆ ಆರೋಪಿತವಾಗಿದೆ. ಸೈಮುಂದನು (೧೦೫೬-೧೧೩೩) ನಿಜವಾದ ವಿದ್ವಾಂಸನು. ಆ ದ್ವೀಪದ ಚರಿತ್ರಕಾರನಾದ ಆರಿಯು ತನ್ನ ಗ್ರಂಥವನ್ನು ಇವನಿಗೆ ತೋರಿಸಿ ತಿದ್ದಿಕೊಂಡನು. ಇವನು ಪರದೇಶದಲ್ಲಿ ಓದಿ ಬಂದದ್ದೇ ಕಾರಣವಾಗಿ, ಜನರು ಇವನನ್ನು 'ಕರಿಯ ಶಾಲೆ'ಯ ವಿದ್ಯಾರ್ಥಿಯನ್ನಾಗಿ ಮಾಡಿದರು. ಯೋನ್ ಆರ್ನಾಸನ್ ಎಂಬವನು ಸಂಗ್ರಹಿಸಿ ೧೮೬೨ರಿಂದ ೧೮೬೪ರವರೆಗೆ ಲೈಪ್ಸಿಗ್ ಪಟ್ಟಣದಲ್ಲಿ ಅಚ್ಚುಹಾಕಿಸಿದ ಜನಪದ ಕಥೆಗಳಲ್ಲಿ ಈ ಶಾಲೆಯ ವರ್ಣನೆಯಿದೆ. ಅದು ನೆಲದೊಳಗಿರುವುದು, ಹಗಲಿನ ಬೆಳಕು ಅಲ್ಲಿ ಇಲ್ಲ, ಪುಸ್ತಕಗಳ ಅಕ್ಷರಗಳು ಬೆಂಕಿಯಂತೆ ಹೊಳೆಯುವುದರಿಂದ ಕತ್ತಲೆಯಲ್ಲಿಯೇ ಓದಬಹುದು, ಗೋಡೆಯೊಳಗಿಂದ ಬೂದುಬಣ್ಣದ ರೋಮಮಯವಾದ ಕೈಯೊಂದು ಬಂದು ಊಟವನ್ನು ಕೊಡುವುದು. ವಿದ್ಯಾರ್ಥಿಗಳು ಹೊರಡುವ ದಿನ ಎಲ್ಲರಿಗಿಂತ ಹಿಂದೆ ಉಳಿದವನು ಸೈತಾನನ ಪಾಲು. ಸೈಮುಂದನು ತಾನಾಗಿಯೇ ಹಿಂದುಳಿಯಲು ಒಪ್ಪಿದನಂತೆ. ಬಾಗಿಲಿನ ಮೆಟ್ಟಲನ್ನು ಹತ್ತುವಾಗ ಎದುರಿನ ಬಿಸಿಲಿನಿಂದ ಅವನ ನೆರಳು ಹಿಂದಿನ ಗೋಡೆಯ ಮೇಲೆ ಬಿದ್ದಿತು. 'ನಾನು ಕಡೆಯವನಲ್ಲ, ನನ್ನ ಹಿಂದೆ ಬರುವವನನ್ನು ಹಿಡಿದುಕೋ' ಎಂಬರ್ಥದ ಮಾತನ್ನು ಹೇಳಿ ಅವನು ಪಾರಾದನು. ಅಲ್ಲಿಂದ ಮುಂದೆ ಅವನಿಗೆ ನೆರಳಿರಲಿಲ್ಲವೆಂದು ಕಥೆ.

ಟ್ರಾನ್ಸಿಲ್ವೇನಿಯ ಪ್ರಾಂತದಲ್ಲಿ ಇದರ ಹೆಸರು ಶೋಲೊಮಾನ್ಸ್. ಅಲ್ಲಿ ಸೈನ್ಯಾಧಿಕಾರಿಯಾಗಿದ್ದವನ ಪತ್ನಿ ಎಮಿಲಿ ಜೆರಾರ್ಡಳು ೧೮೮೫ರಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಗೆ ಬರೆದ ಲೇಖನದಲ್ಲಿ ಇದನ್ನು ವರ್ಣಿಸಿದಳು: ಪರ್ವತಗರ್ಭದಲ್ಲಿ ಶಾಲೆ, ಸೈತಾನನೇ ಉಪಾಧ್ಯಾಯ, ಹತ್ತು ಜನ ಶಿಷ್ಯರು, ಪ್ರಕೃತಿಯ ರಹಸ್ಯಗಳು, ಮೃಗಗಳ ಭಾಷೆ, ಎಲ್ಲ ಮಂತ್ರಗಳು ಪಾಠದ ವಿಷಯ. ಒಂಬತ್ತು ಜನ ಮನೆಗೆ ಹೋಗುವರು. ಹತ್ತನೆಯವನು ಸಲ್ಲಬೇಕಾದ ಹಣದ ಬದಲು ಅಲ್ಲಿಯೇ ನಿಲ್ಲುವನು. ಬ್ರಾಮ್ ಸ್ಟೋಕರನು ೧೮೯೭ರಲ್ಲಿ ತನ್ನ ಡ್ರಾಕುಲ ಎಂಬ ಕಾದಂಬರಿಯಲ್ಲಿ ಇದನ್ನು ಉಪಯೋಗಿಸಿಕೊಂಡನು.

ಈ ಐತಿಹ್ಯಗಳಲ್ಲಿ ಒಂದು ವಿಶೇಷವುಂಟು. ಒಳಗೆ ಹೋಗುವ ಬಾಗಿಲಿನ ವಿಷಯದಲ್ಲಿ ಅವು ಏನನ್ನೂ ಹೇಳುವುದಿಲ್ಲವೆಂದರೆ ತಪ್ಪಾಗದು. ಯಾರು ಬೇಕಾದರೂ ಹೋಗಬಹುದು. ಕಥೆಯ ಪ್ರಾಣವೆಲ್ಲ ಹೊರಗೆ ಬರುವ ಬಾಗಿಲಿನಲ್ಲಿದೆ. ಪಾಠವು ಹೇಗೆ ನಡೆಯಿತು, ಸಹಪಾಠಿಗಳು ಯಾರು, ಯಾರಿಗೆ ಯಾರು ಮಿತ್ರರು ಎಂಬುದರಲ್ಲಿ ಅವುಗಳಿಗೆ ಆಸಕ್ತಿಯಿಲ್ಲ. ಋಣವು ತೀರಿತೇ, ಅಥವಾ ವಂಚನೆಯಿಂದ ತಪ್ಪಿತೇ ಎಂಬುದೊಂದೇ ಪ್ರಶ್ನೆ.

ಇದಕ್ಕೆ ನೇರವಾಗಿ ವಿರುದ್ಧವಾದುದು ಇಂಗ್ಲೆಂಡಿನ ವಸತಿಶಾಲೆಯ ಕಾದಂಬರಿ. ಆ ದೇಶದಲ್ಲಿ 'ಪಬ್ಲಿಕ್ ಸ್ಕೂಲ್' ಎಂದು ಕರೆಯಲ್ಪಡುವ ಶಾಲೆಗಳು ಹೆಸರಿಗೆ ಸಾರ್ವಜನಿಕವಾದರೂ ದೊಡ್ಡ ಶುಲ್ಕವನ್ನು ತೆರಬಲ್ಲವರಿಗೆ ಮಾತ್ರ ಲಭ್ಯವಾದುವು. ಅವುಗಳಲ್ಲಿ ಒಂದಾದ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಾಲ್ಡನು ೧೮೨೮ರಿಂದ ೧೮೪೨ರಲ್ಲಿ ಸಾಯುವವರೆಗೆ ಮುಖ್ಯೋಪಾಧ್ಯಾಯನಾಗಿದ್ದನು. ಅವನ ಶಿಷ್ಯನಾದ ಥಾಮಸ್ ಹ್ಯೂಸನು ೧೮೫೭ರಲ್ಲಿ ಬರೆದ 'ಟಾಮ್ ಬ್ರೌನನ ಶಾಲಾದಿನಗಳು' ಎಂಬ ಕಾದಂಬರಿಯು ಈ ಮಾರ್ಗದ ಆದಿಗ್ರಂಥವಲ್ಲದಿದ್ದರೂ ಆದರ್ಶಗ್ರಂಥವಾಯಿತು. ಹೊಸದಾಗಿ ಬಂದ ಹುಡುಗ, ಮೊದಲನೆಯ ದಿನವೇ ದೊರೆತ ಮಿತ್ರ, ಚಿಕ್ಕವರನ್ನು ಹಿಂಸಿಸುವ ಫ್ಲ್ಯಾಷ್‌ಮನ್ ಎಂಬ ದುಷ್ಟ, ಕಾಲ್ಚೆಂಡಿನ ಪಂದ್ಯ, ರಾತ್ರಿಯ ಗುಟ್ಟಾದ ಸಾಹಸಗಳು, ಇವೆಲ್ಲಕ್ಕೂ ಮೇಲೆ ದೂರದಲ್ಲಿ ನಿಂತು ಎಲ್ಲವನ್ನೂ ಬಲ್ಲ ಮುಖ್ಯೋಪಾಧ್ಯಾಯ: ಈ ಪಾತ್ರಸಾಮಗ್ರಿಯು ಅಲ್ಲಿಂದ ಮುಂದೆ ಕದಲಲಿಲ್ಲ. ೧೮೭೯ರಲ್ಲಿ ಆರಂಭವಾದ 'ಬಾಯ್ಸ್ ಓನ್ ಪೇಪರ್' ಎಂಬ ಪತ್ರಿಕೆಯಲ್ಲಿ ಟ್ಯಾಲ್ಬಟ್ ಬೇನ್ಸ್ ರೀಡನೂ, ೧೯೦೮ರಿಂದ ೧೯೪೦ರವರೆಗೆ 'ಮ್ಯಾಗ್ನೆಟ್' ಎಂಬ ವಾರಪತ್ರಿಕೆಯಲ್ಲಿ ಫ್ರ್ಯಾಂಕ್ ರಿಚರ್ಡ್ಸನೂ, ೧೯೪೦ರ ದಶಕದಲ್ಲಿ ಹುಡುಗಿಯರ ಶಾಲೆಗಳನ್ನು ಕುರಿತು ಎನಿಡ್ ಬ್ಲೈಟನಳೂ ಇದೇ ಸಾಮಗ್ರಿಯನ್ನು ಮತ್ತೆ ಮತ್ತೆ ಬಳಸಿದರು.

ಈ ಕಥೆಗಳನ್ನು ಓದುತ್ತಿದ್ದವರು ಯಾರು? ಜಾರ್ಜ್ ಆರ್ವೆಲನು ೧೯೪೦ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಇವುಗಳ ವಾಚಕರಲ್ಲಿ ಬಹುಮಂದಿ ಅಂಥ ಶಾಲೆಗಳಿಗೆ ಎಂದೆಂದಿಗೂ ಹೋಗಲಾರದ ಮಕ್ಕಳು ಎಂಬ ಸಂಗತಿಯನ್ನು ಎತ್ತಿ ತೋರಿಸಿದನು. ಇದು ಮುಖ್ಯವಾದ ಮಾತು. ಇಲ್ಲಿ ಕಥೆಯ ಪ್ರಾಣವು ಒಳಗೆ ಹೋಗುವ ಬಾಗಿಲಿನಲ್ಲಿದೆ, ಆದರೆ ಆ ಬಾಗಿಲಿನ ಅಧಿಕಾರವು ಹಣದಿಂದ ಮೊದಲೇ ನಿರ್ಣಯವಾಗಿರುವುದರಿಂದ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊರಗೆ ಬರುವ ಬಾಗಿಲೋ, ಇಲ್ಲವೆಂದೇ ಹೇಳಬೇಕು: 'ಮ್ಯಾಗ್ನೆಟ್' ಪತ್ರಿಕೆಯ ಹುಡುಗರು ಮೂವತ್ತೆರಡು ವರ್ಷಗಳ ಕಾಲ ಅದೇ ವಯಸ್ಸಿನಲ್ಲಿ ಅದೇ ಶಾಲೆಯಲ್ಲಿದ್ದರು. ಹ್ಯೂಸನಲ್ಲಿ ಮಾತ್ರ ಅದು ಉಂಟು. ಅವನ ಗ್ರಂಥವು ಮುಗಿಯುವುದು ಶಾಲೆಯ ಚರ್ಚಿನಲ್ಲಿರುವ ಆರ್ನಾಲ್ಡನ ಸಮಾಧಿಯ ಬಳಿ. ವಿದ್ಯೆಯನ್ನು ಮುಗಿಸಿ ಹೋಗಿದ್ದ ಟಾಮನು ಗುರುವಿನ ಮರಣವನ್ನು ಕೇಳಿ ಒಬ್ಬನೇ ಹಿಂದಿರುಗಿ ಬಂದು ಅಲ್ಲಿ ನಿಲ್ಲುತ್ತಾನೆ. ಋಣವನ್ನು ತೀರಿಸುವುದಕ್ಕೆ ಬಂದು, ತೀರಿಸಿಕೊಳ್ಳುವವನನ್ನು ಕಾಣದ ಶಿಷ್ಯನ ಚಿತ್ರವು ಅದು. ಪಾಠಶಾಲೆಯಲ್ಲಿ ಇದ್ದು ಓದಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಸತಿಶಾಲೆಯೂ ಮಾಯೆಯೂ ಒಂದು ಕಡೆ ಬಂದ ಹಳೆಯ ನಿದರ್ಶನವೊಂದು ನಮ್ಮ ದೇಶಕ್ಕೆ ಸಂಬಂಧಪಟ್ಟಿರುವುದರಿಂದ ಅದನ್ನು ಹೇಳಿಬಿಡುತ್ತೇನೆ. ಎಫ್. ಆನ್ಸ್ಟಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಥಾಮಸ್ ಆನ್ಸ್ಟಿ ಗತ್ರಿಯು ೧೮೮೨ರಲ್ಲಿ ಪ್ರಕಟಿಸಿದ 'ವೈಸ್ ವರ್ಸ' ಎಂಬ ವಿನೋದ ಕಾದಂಬರಿಯಲ್ಲಿ, ಇಂಡಿಯಾದಿಂದ ತಂದ 'ಗರುಡಶಿಲೆ'ಯ ಮಹಿಮೆಯಿಂದ ತಂದೆಯು ಮಗನ ರೂಪವನ್ನೂ ಮಗನು ತಂದೆಯ ರೂಪವನ್ನೂ ಪಡೆಯುತ್ತಾರೆ. ಶಾಲೆಯ ದಿನಗಳೇ ಬಾಳಿನ ಸುಖದ ದಿನಗಳೆಂದು ಮಗನಿಗೆ ಬೋಧಿಸಿದ್ದ ತಂದೆಯು ತಾನೇ ವಸತಿಶಾಲೆಗೆ ಹೋಗಿ ಬೆತ್ತದ ರುಚಿಯನ್ನು ಕಾಣುತ್ತಾನೆ. ನಮ್ಮ ಕೋಶಗಳಲ್ಲಿ ಗಾರುತ್ಮತವೆಂದರೆ ಪಚ್ಚೆಯ ಕಲ್ಲು. ವಿಷವನ್ನು ಪರಿಹರಿಸುವುದೆಂದು ಅದಕ್ಕೆ ಪ್ರಸಿದ್ಧಿಯುಂಟೇ ಹೊರತು ತಂದೆಮಕ್ಕಳನ್ನು ಅದಲುಬದಲು ಮಾಡುವ ಶಕ್ತಿಯನ್ನು ಯಾರೂ ಹೇಳಿಲ್ಲ. ಇರಲಿ. ಇಲ್ಲಿ ಮಾಯೆಯು ಶಾಲೆಯ ಹೊರಗಿನದು. ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

ಕಲಿಸುವ ಶಾಲೆಗೆ ಶ್ರೀಮತಿ ಲೆ ಗ್ವಿನ್ನರವರೆಗೆ ಕಾಯಬೇಕಾಯಿತು. ಇವರು (೧೯೨೯-೨೦೧೮) ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ ಮಾನವಶಾಸ್ತ್ರಜ್ಞನಾದ ಆಲ್ಫ್ರೆಡ್ ಕ್ರೋಬರನ ಮಗಳಾಗಿ ಹುಟ್ಟಿದರು. ಆ ಊರಿನ ಪಾರ್ನಾಸಸ್ ಮುದ್ರಣಾಲಯದ ಒಡೆಯನು, ಸ್ವಲ್ಪ ಬೆಳೆದ ಮಕ್ಕಳಿಗಾಗಿ ಒಂದು ಪುಸ್ತಕವನ್ನು ಬರೆದುಕೊಡಬೇಕೆಂದು ಕೇಳಿದನು. ಅದುವರೆಗೆ ಕಥೆಗಳ ಮಾಂತ್ರಿಕರೆಲ್ಲರೂ ನರೆತ ಗಡ್ಡದ ಮುದುಕರು. ಆರ್ಥರ್ ಅರಸನ ಗುರು ಮರ್ಲಿನನು ಅದಕ್ಕೆ ಮಾದರಿ. ಆ ಮುದುಕರೂ ಹಿಂದೆ ಹುಡುಗರಾಗಿದ್ದಿರಬೇಕು, ಹಾಗಾದರೆ ಅವರು ಎಲ್ಲಿ ಕಲಿತರು, ಮಾಂತ್ರಿಕರಿಗೂ ವಿದ್ಯಾಲಯವಿದ್ದಿತೇ ಎಂಬ ಪ್ರಶ್ನೆಯು ತಮಗೆ ಹೊಳೆಯಿತೆಂದು ಅವರೇ ೧೯೭೩ರ ಒಂದು ಪ್ರಬಂಧದಲ್ಲಿ ತಿಳಿಸಿದ್ದಾರೆ. ಅದರ ಫಲವೇ ೧೯೬೮ರಲ್ಲಿ ಪ್ರಕಟವಾದ 'ಅರ್ಥ್‌ಸೀಯ ಮಾಂತ್ರಿಕ'. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಹುಟ್ಟಿದ ಗೆಡ್ ಎಂಬ ತಾಮ್ರವರ್ಣದ ಹುಡುಗನು ಓಗಿಯನ್ ಎಂಬ ಮೌನಿಯಾದ ಗುರುವಿನಲ್ಲಿ ಸ್ವಲ್ಪ ಕಾಲವಿದ್ದು, ಅಲ್ಲಿನ ನಿಧಾನವನ್ನು ಸಹಿಸಲಾರದೆ, ರೋಕ್ ದ್ವೀಪದ ಮಹಾಶಾಲೆಗೆ ಹೋಗುತ್ತಾನೆ.

ಆ ಶಾಲೆಯ ಬಾಗಿಲು ಸಣ್ಣದು, ನೋಡಲು ಅಲ್ಪವಾದುದು. ದ್ವಾರಪಾಲಕನು ಸಾಧ್ಯವಾದರೆ ಒಳಗೆ ಬಾ ಎನ್ನುತ್ತಾನೆ. ಗೆಡ್ಡನು ಹೆಜ್ಜೆಯಿಟ್ಟರೂ ಹೊರಗೇ ಇರುತ್ತಾನೆ. ತನಗೆ ತಿಳಿದ ಮಂತ್ರಗಳು ಯಾವುವೂ ಫಲಿಸುವುದಿಲ್ಲ. ಕಡೆಗೆ, ನೀವು ಸಹಾಯಮಾಡದೆ ನಾನು ಒಳಗೆ ಬರಲಾರೆ ಎಂದು ಒಪ್ಪಿಕೊಳ್ಳುತ್ತಾನೆ. ಆಗ ದ್ವಾರಪಾಲಕನು ಅವನ ನಿಜನಾಮವನ್ನು ಕೇಳುತ್ತಾನೆ. ಆ ಲೋಕದಲ್ಲಿ ನಿಜನಾಮವನ್ನು ತಿಳಿಸುವುದೆಂದರೆ ಪ್ರಾಣವನ್ನು ಕೈಯಲ್ಲಿಟ್ಟ ಹಾಗೆ. ಅದನ್ನು ಹೇಳಿದೊಡನೆ ಒಳಗೆ ಹೋಗುತ್ತಾನೆ; ಹೋಗುವಾಗ ಬೆಳಕು ಬೆನ್ನಿನ ಕಡೆಯಿದ್ದರೂ ಒಂದು ನೆರಳು ಅವನ ಹಿಮ್ಮಡಿಯನ್ನು ಹಿಂಬಾಲಿಸಿ ಬಂದಂತೆ ಅವನಿಗೆ ತೋರುತ್ತದೆ. ಅನೇಕ ವರ್ಷಗಳಾದಮೇಲೆ ಅವನು ವಿದ್ಯೆಯನ್ನು ಮುಗಿಸಿ ಹೊರಡುವಾಗ ಪರೀಕ್ಷೆಯು ಇದರ ತಿರುವು: ಈ ಸಲ ಶಿಷ್ಯನು ದ್ವಾರಪಾಲಕನ ಹೆಸರನ್ನು ಹೇಳಬೇಕು. ಯಾವ ಮಂತ್ರದಿಂದಲೂ ಅದನ್ನು ಕಂಡುಹಿಡಿಯಲು ಸಾಧ್ಯವಿಲ್ಲ. ದೀರ್ಘವಾಗಿ ಯೋಚಿಸಿದಮೇಲೆ ಗೆಡ್ಡನು ನೇರವಾಗಿ ಕೇಳಿಬಿಡುತ್ತಾನೆ. ಅವನೂ ನಗುತ್ತ ಹೇಳಿಬಿಡುತ್ತಾನೆ. ಪ್ರಣಿಪಾತ ಪರಿಪ್ರಶ್ನಗಳಿಂದ ವಿದ್ಯೆಯನ್ನು ಪಡೆಯಬೇಕೆಂಬ ನಮ್ಮ ವಿಧಿಯ ತಾತ್ಪರ್ಯವನ್ನು ಶಿಷ್ಯರಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪರಭಾಷೆಯಲ್ಲಿ ನಾನು ಕಂಡಿಲ್ಲ.

ರೋಕಿನಲ್ಲಿ ಒಂಬತ್ತು ಜನ ಆಚಾರ್ಯರು. ಗಾಳಿಯನ್ನು ಕಟ್ಟುವವನು, ಔಷಧಿಗಳನ್ನು ಬಲ್ಲವನು, ರೂಪವನ್ನು ಬದಲಿಸುವವನು ಮೊದಲಾದವರಲ್ಲಿ ನಮ್ಮಂಥವರ ಗೌರವಕ್ಕೆ ವಿಶೇಷವಾಗಿ ಪಾತ್ರನಾದವನು ನಾಮಾಚಾರ್ಯನು. ಅವನು ಒಂಟಿ ಗೋಪುರವೊಂದರಲ್ಲಿ ಕುಳಿತು, ಪ್ರತಿಯೊಂದು ಗಿಡದ, ಕೊಲ್ಲಿಯ, ದಿಣ್ಣೆಯ ನಿಜನಾಮಗಳ ಪಟ್ಟಿಗಳನ್ನು ಶಿಷ್ಯರಿಂದ ಕಂಠಪಾಠ ಮಾಡಿಸುತ್ತಾನೆ. ಅರ್ಥಕ್ಕಿಂತ ಮೊದಲು ಅಮರಕೋಶವನ್ನು ಬಾಯಿಗೆ ಬರಿಸಿಕೊಂಡವರು ಈ ಅಧ್ಯಾಯವನ್ನು ಓದಿ ಮುಗುಳ್ನಗೆ ನಗಬಹುದು. ಇನ್ನೊಂದು ಶಾಸ್ತ್ರವಿಷಯವೂ ಇಲ್ಲಿ ಗಮನಾರ್ಹ. ಶಬ್ದಾರ್ಥಗಳ ಸಂಬಂಧವು ಸಂಕೇತದಿಂದ ಬಂದುದೆಂಬುದು ನೈಯಾಯಿಕರ ಮತ. ಸ್ವಭಾವಸಿದ್ಧವೂ ನಿತ್ಯವೂ ಆದುದೆಂಬುದು ಮೀಮಾಂಸಕರ ಮತ. ರೋಕಿನ ಶಾಲೆಯು ಸಂಪೂರ್ಣವಾಗಿ ಮೀಮಾಂಸಕರ ಪಕ್ಷ. ವಸ್ತುವನ್ನು ನಿಜವಾಗಿ ಬದಲಿಸಬೇಕಾದರೆ ಅದರ ಹೆಸರನ್ನು ಬದಲಿಸಬೇಕು, ಹೆಸರನ್ನು ಬದಲಿಸಿದರೆ ಜಗತ್ತಿನ ಸಮತೂಕವು ಕದಲುತ್ತದೆ. ಆದ್ದರಿಂದ ಬಲ್ಲವನು ಅವಶ್ಯಕವಿಲ್ಲದೆ ಏನನ್ನೂ ಮಾಡಬಾರದೆಂಬುದೇ ಅಲ್ಲಿ ಕಡೆಯ ಪಾಠ.

ಗೆಡ್ಡನು ಆ ಪಾಠವನ್ನು ಕಲಿಯುವ ಮೊದಲೇ ಎಡವುತ್ತಾನೆ. ಜ್ಯಾಸ್ಪರ್ ಎಂಬ ಸಹಪಾಠಿಯ ಮೇಲಿನ ಮಾತ್ಸರ್ಯದಿಂದ, ಸಾವಿರ ವರ್ಷಗಳ ಹಿಂದೆ ಸತ್ತ ಒಬ್ಬ ರಾಣಿಯ ಪ್ರೇತವನ್ನು ಕರೆಯುತ್ತಾನೆ; ತೆರೆದ ಬಿರುಕಿನಿಂದ ಹೆಸರಿಲ್ಲದ ಒಂದು ನೆರಳು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಬಿರುಕನ್ನು ಮುಚ್ಚಿದ ವೃದ್ಧ ಕುಲಪತಿಯು ಆ ಶ್ರಮದಿಂದ ಸಾಯುತ್ತಾನೆ. ಗ್ರಂಥದ ಉತ್ತರಾರ್ಧವೆಲ್ಲ ಈ ನೆರಳಿನಿಂದ ಗೆಡ್ಡನು ಓಡಿಹೋಗುವುದು, ತರುವಾಯ ಅದನ್ನೇ ಅಟ್ಟಿಕೊಂಡು ಹೋಗುವುದು. ಕಡೆಗೆ ಅದರ ಹೆಸರನ್ನು ಹಿಡಿದು ಕರೆಯುತ್ತಾನೆ. ಅದು ಅವನದೇ ಹೆಸರು.

ಸೈಮುಂದನನ್ನೂ ವಿಯೇನನನ್ನೂ ಇಲ್ಲಿ ನೆನೆದುಕೊಳ್ಳಬೇಕು. ಹಳೆಯ ಐತಿಹ್ಯದಲ್ಲಿ ವಿದ್ಯಾರ್ಥಿಯು ನೆರಳನ್ನು ಕೊಟ್ಟು ಋಣವನ್ನು ತಪ್ಪಿಸಿಕೊಳ್ಳುತ್ತಾನೆ. ಇಲ್ಲಿ ನೆರಳೇ ಋಣ. ಅದನ್ನು ಕೊಟ್ಟು ತಪ್ಪಿಸಿಕೊಳ್ಳಲಾಗದು, ತನ್ನದೆಂದು ಸ್ವೀಕರಿಸಿಯೇ ತೀರಬೇಕು. ತೆರಿಸಿಕೊಳ್ಳಲು ಸೈತಾನನಿಲ್ಲ, ಸಾಲಿಗನೂ ಸಾಲಗಾರನೂ ಒಬ್ಬನೇ. ಲೇಖಕಿಯು ಆ ಐತಿಹ್ಯವನ್ನು ನೋಡಿ ಬರೆದರೆಂದು ನಾನು ಸಾಧಿಸುತ್ತಿಲ್ಲ. ಮಂತ್ರವಿದ್ಯೆಯನ್ನು ಶಾಲೆಯಲ್ಲಿ ಇಟ್ಟೊಡನೆ ಹೊರಬಾಗಿಲಿನ ಪ್ರಶ್ನೆಯು ತಾನಾಗಿಯೇ ಬರುತ್ತದೆಂಬುದೂ, ಅದಕ್ಕೆ ಅವರು ಕೊಟ್ಟ ಉತ್ತರವು ಹಿಂದಿನವುಗಳಿಗಿಂತ ಗಂಭೀರವಾದುದೆಂಬುದೂ ನನ್ನ ಅಭಿಪ್ರಾಯ. ಈ ಜಾತಿಯ ಕಾದಂಬರಿಗಳಲ್ಲಿ ಒಂದನ್ನೇ ಪಾಠಕ್ಕೆ ಆರಿಸಬೇಕೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವೆನು.

ಆದರೆ ರೋಕ್ ಇಂಗ್ಲಿಷು ವಸತಿಶಾಲೆಯಲ್ಲ. ಅಲ್ಲಿ ತಂಡಗಳಿಲ್ಲ, ಪಂದ್ಯಗಳಿಲ್ಲ, ವಾರ್ಷಿಕ ಪರೀಕ್ಷೆಯಿಲ್ಲ. ಟಾಮ್ ಬ್ರೌನನ ಶಾಲೆಗೆ ಮಂತ್ರದ ಪಾಠಪಟ್ಟಿಯನ್ನು ಜೋಡಿಸಿದ ಕೀರ್ತಿಯು ಜಿಲ್ ಮರ್ಫಿ ಎಂಬವರಿಗೆ (೧೯೪೯-೨೦೨೧) ಸಲ್ಲತಕ್ಕದ್ದು. ವಿಂಬಲ್ಡನಿನ ಕ್ರೈಸ್ತ ಸಂನ್ಯಾಸಿನಿಯರ ಶಾಲೆಯಲ್ಲಿ ಓದಿದ ಈಕೆಯು ಇನ್ನೂ ಹುಡುಗಿಯಾಗಿದ್ದಾಗಲೇ ಬರೆಯಲು ತೊಡಗಿದ 'ಅತ್ಯಂತ ಕೆಟ್ಟ ಮಾಟಗಾತಿ' ಎಂಬ ಪುಸ್ತಕವು ೧೯೭೪ರಲ್ಲಿ ಅಚ್ಚಾಯಿತು. ಬೆಟ್ಟದ ಮೇಲಿನ ಶಾಲೆ, ಪೊರಕೆಯ ಮೇಲೆ ಹಾರುವ ಪಾಠ, ಕಷಾಯಗಳ ಪರೀಕ್ಷೆ, ಹುಡುಗಿಯೊಬ್ಬಳನ್ನು ಸದಾ ಗದರಿಸುವ ಕಪ್ಪುಡುಪಿನ ಉಪಾಧ್ಯಾಯಿನಿ, ಮೇಲ್ಕುಲದ ಗರ್ವಿಷ್ಠ ಸಹಪಾಠಿ, ಸೌಮ್ಯಳಾದ ಮುಖ್ಯೋಪಾಧ್ಯಾಯಿನಿ ಎಲ್ಲವೂ ಇದರಲ್ಲಿವೆ. ಎಲ್ಲರಿಗೂ ಕರಿಯ ಬೆಕ್ಕಿನ ಮರಿ ಸಿಕ್ಕಿದರೆ ಮಿಲ್‌ಡ್ರೆಡ್ ಎಂಬ ನಾಯಿಕೆಗೆ ಮಾತ್ರ ಪಟ್ಟೆಯ ಮರಿ ಸಿಗುತ್ತದೆ. ಪುಸ್ತಕವು ಚಿಕ್ಕದು, ಚಿಕ್ಕ ಮಕ್ಕಳದು. ಚರಿತ್ರೆಯಲ್ಲಿ ಅದರ ಸ್ಥಾನವು ಚಿಕ್ಕದಲ್ಲ. ಡಯಾನ ವಿನ್ ಜೋನ್ಸ್ ಎಂಬವರು ೧೯೮೨ರಲ್ಲಿ ಬರೆದ 'ಮಾಟಗಾತಿಯ ವಾರ'ದಲ್ಲಿಯಾದರೋ ಶಾಲೆಯು ವಸತಿಶಾಲೆಯೇ, ಆದರೆ ಆ ರಾಜ್ಯದಲ್ಲಿ ಮಂತ್ರಬಲ್ಲವರನ್ನು ಸುಡುವರು. ಈ ತರಗತಿಯಲ್ಲಿ ಒಬ್ಬರು ಮಾಟವನ್ನು ಬಲ್ಲವರು ಎಂದು ತಿಳಿಸುವ ಒಂದು ಚೀಟಿಯಿಂದ ಕಥೆಯು ಆರಂಭವಾಗುತ್ತದೆ. ಅಧಿಕಾರದ ಪ್ರಶ್ನೆಯನ್ನು ತಲೆಕೆಳಗು ಮಾಡಿದ ಗ್ರಂಥವಿದು: ಇಲ್ಲಿ ಶಕ್ತಿಯಿರುವುದೇ ಅಪರಾಧ.

ಶ್ರೀಮತಿ ರೌಲಿಂಗರ ಹಾಗ್‌ವರ್ಟ್ಸ್ ಶಾಲೆಗೆ ಇಷ್ಟು ಪೂರ್ವಪೀಠಿಕೆಯುಂಟು. ಟಾಮ್ ಬ್ರೌನನ ಸಾಮಗ್ರಿಯಲ್ಲಿ ಬಿಟ್ಟದ್ದು ಒಂದೂ ಇಲ್ಲ. ಕಾಲ್ಚೆಂಡು ಆಕಾಶಕ್ಕೇರಿದೆ ಅಷ್ಟೆ. ಆರನೆಯ ಸಂಪುಟವು (೨೦೦೫) ಶಾಲೆಯ ಆವರಣದಲ್ಲಿ ಮುಖ್ಯೋಪಾಧ್ಯಾಯನ ಶವಸಂಸ್ಕಾರದೊಡನೆ ಮುಗಿಯುವುದನ್ನು ಹ್ಯೂಸನ ಕಡೆಯ ಅಧ್ಯಾಯದೊಡನೆ ಹೋಲಿಸಿ ನೋಡಬೇಕು. ನಮ್ಮ ದೇಶದ ಛಾಯೆಯೂ ಅಲ್ಲಲ್ಲಿ ಕಾಣುತ್ತದೆ: ಪಾರ್ವತಿ, ಪದ್ಮಾ ಪಾಟೀಲ್ ಎಂಬ ಅವಳಿ ಸೋದರಿಯರು ಅಲ್ಲಿ ಓದುತ್ತಾರೆ, ಖಳನ ಹಾವಿಗೆ ನಾಗಿನಿ ಎಂಬ ಸಂಸ್ಕೃತದ ಹೆಸರಿದೆ. ಆದರೆ ಈ ಗ್ರಂಥಮಾಲೆಯ ನಿಜವಾದ ಬಲವಿರುವುದು ಒಳಬಾಗಿಲಿನಲ್ಲಿ. ಆರ್ವೆಲನು ಹೇಳಿದ ಮಕ್ಕಳಿಗೆ, ಅಂದರೆ ಹೋಗಲಾರದವರಿಗೆ, ರೌಲಿಂಗರು ಆ ಬಾಗಿಲನ್ನು ತೆರೆದರು. ಮೆಟ್ಟಲ ಕೆಳಗಿನ ಗೂಡಿನಲ್ಲಿ ಮಲಗುವ ಅನಾಥನಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಕರೆಯೋಲೆಯು ಬರುತ್ತದೆ. ರೈಲ್ವೆ ನಿಲ್ದಾಣದ ಗೋಡೆಯನ್ನು ಹೇಗೆ ದಾಟಬೇಕೆಂದು ತಿಳಿಯದೆ ಅವನೂ ಗೆಡ್ಡನಂತೆ ಬಾಯಿಬಿಟ್ಟು ಸಹಾಯವನ್ನು ಕೇಳುತ್ತಾನೆ. ಒಳಗೆ ಹೋದಮೇಲೆ ಅಧಿಕಾರದ ಜಗಳವು ಶಾಲೆಯ ಸ್ಥಾಪನೆಯಷ್ಟೇ ಹಳೆಯದೆಂದು ತಿಳಿಯುತ್ತದೆ: ನಾಲ್ವರು ಸಂಸ್ಥಾಪಕರಲ್ಲಿ ಸ್ಲಿದರಿನ್ ಎಂಬವನು ಶುದ್ಧ ಮಾಂತ್ರಿಕ ಕುಲದವರಿಗೆ ಮಾತ್ರ ವಿದ್ಯೆಯನ್ನು ಕೊಡಬೇಕೆಂದು ಹಟಮಾಡಿ, ಉಳಿದವರು ಒಪ್ಪದಿರಲು, ಹೊರಟುಹೋದನು. ಏಳು ಸಂಪುಟಗಳ ಯುದ್ಧವು ಈ ಒಂದು ವಾದದ ವಿಸ್ತಾರ. ಪಾಠಶಾಲೆಯ ಪರಂಪರೆಯಿಂದ ಬಂದ ನಾವು ಈ ವಾದವನ್ನು ಪರದೇಶದ ವಿಚಿತ್ರವೆಂದು ಓದಲಾರೆವು. ಇದರ ಎರಡು ಪಕ್ಷಗಳೂ ನಮ್ಮ ಮನೆಯಲ್ಲಿಯೇ ನಡೆದಿವೆ.

ಹೊರಬಾಗಿಲಿನ ವಿಷಯದಲ್ಲಿ ಗ್ರಂಥವು ಅಷ್ಟು ದೃಢವಾಗಿಲ್ಲ. ನಾಯಕನು ಏಳನೆಯ ವರ್ಷದ ಪಾಠಕ್ಕೆ ಹೋಗುವುದೇ ಇಲ್ಲ. ವೈರಿಯ ಆತ್ಮದ ತುಣುಕೊಂದು ತನ್ನೊಳಗೇ ಇರುವುದನ್ನು ತಿಳಿದು ಅವನು ಸಾವಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಉದಾತ್ತವಾದುದೇ. ಆದರೆ ಆ ತುಣುಕು ಹೊರಗಿನವನು ಇಟ್ಟದ್ದು, ಗೆಡ್ಡನ ನೆರಳಿನಂತೆ ತಾನೇ ಕರೆದುದಲ್ಲ. ವಿದ್ಯೆಯು ಇಲ್ಲಿ ಋಣವಲ್ಲ, ವರ. ೨೦೦೫ರಲ್ಲಿ ಗಾರ್ಡಿಯನ್ ಪತ್ರಿಕೆಯವರೊಡನೆ ಮಾತನಾಡುತ್ತ ಶ್ರೀಮತಿ ಲೆ ಗ್ವಿನ್ನರು, ರೌಲಿಂಗರು ಪೂರ್ವಿಕರ ವಿಷಯದಲ್ಲಿ ಇನ್ನಷ್ಟು ಔದಾರ್ಯವನ್ನು ತೋರಿಸಬಹುದಾಗಿತ್ತೆಂದರು. ಅವರಿಗೆ ಹೆಚ್ಚು ಆಶ್ಚರ್ಯವಾದುದು ಆ ಗ್ರಂಥವನ್ನು ಅಪೂರ್ವವೆಂದು ಕೊಂಡಾಡಿದ ವಿಮರ್ಶಕರ ಮೇಲೆ. ಈ ಎರಡನೆಯ ದೂರು ನ್ಯಾಯವಾದುದೆಂದು ಇದುವರೆಗಿನ ಚರಿತ್ರೆಯಿಂದ ಸ್ಪಷ್ಟವಾಗಿದೆ.

ಆದರೆ ಲೆ ಗ್ವಿನ್ನರು ಇತರರಿಗಿಂತ ಹೆಚ್ಚು ನಿಷ್ಠುರವಾಗಿ ಪರೀಕ್ಷಿಸಿದುದು ತಮ್ಮ ಶಾಲೆಯನ್ನೇ. ೧೯೬೮ರ ರೋಕಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಹೆಂಗಸರ ಮಂತ್ರವು ದುರ್ಬಲವೆಂಬ ಗಾದೆಯನ್ನು ಲೇಖಕಿಯೇ ಆ ದ್ವೀಪದವರ ಬಾಯಲ್ಲಿ ಇಟ್ಟಿದ್ದರು. ಮೂವತ್ತಮೂರು ವರ್ಷಗಳಾದಮೇಲೆ, ೨೦೦೧ರಲ್ಲಿ ಪ್ರಕಟವಾದ 'ಅರ್ಥ್‌ಸೀಯ ಕಥೆಗಳು' ಎಂಬ ಸಂಪುಟದಲ್ಲಿ, ಆ ಶಾಲೆಯ ಸ್ಥಳಪುರಾಣವನ್ನು ಅವರು ಹೊಸದಾಗಿ ಶೋಧಿಸಿದರು. ರೋಕ್ ಶಾಲೆಯನ್ನು ಸ್ಥಾಪಿಸಿದವರಲ್ಲಿ ಹೆಂಗಸರೇ ಮುಖ್ಯರು. ಅವರ ಜೊತೆಗೂಡಿದ ಮೆಡ್ರ ಎಂಬವನು ಅಲ್ಲಿನ ಮೊದಲನೆಯ ದ್ವಾರಪಾಲಕನಾದನು. ಬಹುಕಾಲದ ಮೇಲೆ ಹಾಲ್ಕೆಲ್ ಎಂಬ ಕುಲಪತಿಯು ಹೆಂಗಸರನ್ನು ಹೊರಗಿಟ್ಟನು. ಅದೇ ಸಂಪುಟದ ಬೇರೊಂದು ಕಥೆಯಲ್ಲಿ ಐರಿಯನ್ ಎಂಬ ಹುಡುಗಿಯು ಬಂದು ಬಾಗಿಲನ್ನು ತಟ್ಟಿದಾಗ ಆಚಾರ್ಯರಲ್ಲಿ ಒಡಕುಂಟಾಗುತ್ತದೆ. ದ್ವಾರಪಾಲಕನು ಮಾತ್ರ ಅವಳನ್ನು ಒಳಗೆ ಬಿಡುತ್ತಾನೆ. ಗ್ರಂಥಕರ್ತೃವು ತನ್ನ ಕೃತಿಯ ದೋಷವನ್ನು ಹೀಗೆ ಪಾಠಾಂತರವಿಲ್ಲದೆ, ಹಳೆಯದನ್ನು ಅಳಿಸದೆ, ಇತಿಹಾಸರೂಪದಿಂದ ತಿದ್ದಿದ ನಿದರ್ಶನಗಳು ವಿರಳ.

ಕಡೆಯದಾಗಿ ಒಂದು ಈಚಿನ ಗ್ರಂಥವನ್ನು ಹೇಳಬೇಕು. ಅಮೆರಿಕದ ನೇಯೋಮಿ ನೋವಿಕ್ ಎಂಬವರು ೨೦೨೦ರಲ್ಲಿ ಪ್ರಕಟಿಸಿದ 'ಮಾರಕ ವಿದ್ಯಾಭ್ಯಾಸ' ಎಂಬ ಕಾದಂಬರಿಯ ಶಾಲೆಗೆ ಜೆರಾರ್ಡಳ ಶೋಲೊಮಾನ್ಸಿನ ಹೆಸರನ್ನೇ ಇಟ್ಟರು. ಅಲ್ಲಿ ಉಪಾಧ್ಯಾಯರೇ ಇಲ್ಲ. ನಾಲ್ಕು ವರ್ಷಗಳ ಕೊನೆಗೆ, ರಾಕ್ಷಸ ಜಂತುಗಳು ತುಂಬಿದ ಹಜಾರವೊಂದನ್ನು ದಾಟಿದವರು ಮಾತ್ರ ಮನೆಗೆ ಹೋಗುತ್ತಾರೆ. ಕಥೆಯನ್ನು ಹೇಳುವ ಎಲ್ ಎಂಬ ಹುಡುಗಿಯ ತಾಯಿ ವೇಲ್ಸಿನವಳು, ತಂದೆ ಮುಂಬಯಿಯ ಮನೆತನದವನು. ಅವನು ಅದೇ ಹಜಾರದಲ್ಲಿ, ಗರ್ಭಿಣಿಯಾದ ಅವಳನ್ನು ಹೊರಗೆ ಕಳುಹಿಸಿ ಪ್ರಾಣಬಿಟ್ಟವನು. ಆ ಶಾಲೆಯ ಪುಸ್ತಕಭಂಡಾರದಲ್ಲಿ ಎಲ್ಲಳ ಕೈಗೆ ಬರುವ ಅಮೂಲ್ಯವಾದ ಗ್ರಂಥವು ಸಂಸ್ಕೃತದ್ದು. ಅದನ್ನು ಮಗುವನ್ನು ಮುದ್ದಿಸುವಂತೆ ಮುದ್ದಿಸಿ, ಕಷ್ಟಪಟ್ಟು ಅರ್ಥಮಾಡಿಕೊಳ್ಳುತ್ತಾಳೆ. ೨೦೨೧ರ ಎರಡನೆಯ ಸಂಪುಟದಲ್ಲಿ ಆಕೆಯೂ ಆಕೆಯ ಸ್ನೇಹಿತರೂ ಒಬ್ಬರನ್ನೂ ಬಲಿಗೊಡದೆ ಎಲ್ಲ ಮಕ್ಕಳನ್ನೂ ಹೊರಗೆ ಸಾಗಿಸುವ ಉಪಾಯವನ್ನು ಹೂಡುತ್ತಾರೆ. ಎಲ್ಲರೂ ಹೋದಮೇಲೆ ಬಾಗಿಲಿನಲ್ಲಿ ಇಬ್ಬರು ಉಳಿಯುತ್ತಾರೆ. ಓರಿಯನ್ ಎಂಬ ಹುಡುಗನು ಎಲ್ಲಳನ್ನು ಹೊರಕ್ಕೆ ನೂಕಿ ತಾನು ಒಳಗೆ ನಿಲ್ಲುತ್ತಾನೆ. ಜೆರಾರ್ಡಳು ಟ್ರಾನ್ಸಿಲ್ವೇನಿಯದ ವಿಷಯವಾಗಿ ಬರೆದ ಹತ್ತನೆಯ ವಿದ್ಯಾರ್ಥಿಯ ಬಾಕಿಯು ಹೀಗೆ ೧೩೬ ವರ್ಷಗಳ ಮೇಲೆ ಮತ್ತೆ ಲೆಕ್ಕಕ್ಕೆ ಬಂದಿತು. ೨೦೨೨ರ ಮೂರನೆಯ ಸಂಪುಟದಲ್ಲಿ ಎಲ್ಲಳು ಅವನನ್ನು ಹುಡುಕಿಕೊಂಡು ಆ ಶಾಲೆಗೆ ಹಿಂದಿರುಗುತ್ತಾಳೆ. ಸಾಲಮಾಂಕ, ಐಸ್ಲೆಂಡ್, ಟ್ರಾನ್ಸಿಲ್ವೇನಿಯಗಳ ಮೇಲೆ ಹೇಳಿದ ಐತಿಹ್ಯಗಳಲ್ಲಿ, ಹೊರಗೆ ಬಂದವರು ಯಾರೂ ಉಳಿದವನಿಗಾಗಿ ಹಿಂದಕ್ಕೆ ಹೋಗಲಿಲ್ಲ.